ಜೀಪ್ ಕಂಡು ಓಡಿದ ಓಣಿ

ಆ ಬೆಳಗ್ಗೆ ಮುಂಬ್ರಾದ ಗುಡ್ಡದ ಮೇಲೆ ಮೋಡ ಇಳಿದು ಕೂತಿತ್ತು. ಮಳೆ ಸುರಿಯಲೂ ಇಲ್ಲ, ಗಾಳಿ ಬೀಸಲೂ ಇಲ್ಲ. ಹಿಂದಿನ ದಿನ ಹಗ್ಗಕ್ಕೆ ಹಾಕಿದ ಸೀರೆ ಇನ್ನೂ ಹಸಿಯಾಗಿಯೇ ಜೋತುಬಿದ್ದಿತ್ತು. ಇಂಥ ಆಕಾಶ ಇದ್ದ ದಿನ ಕೂಲಿಗಳು ನಿಲ್ಲುವ ನಾಕಾದಲ್ಲಿ ಕೆಲಸಕ್ಕೆ ಕರೆಯುವವರು ಬರುವುದಿಲ್ಲವೆಂದು ಮರೆಮ್ಮನಿಗೆ ಗೊತ್ತು. ಆದರೂ ಊರ ದೇವರು ಮೌನೇಶ್ವರನ ಹೆಸರು ಹೇಳಿ, ಬುತ್ತಿ ಕಟ್ಟಿಕೊಂಡು ಹೊರಟಳು. ಹಿಂದೆ ಮಗಳು ಜ್ಯೋತಿ.

ಗುಡ್ಡದ ಬುಡದಲ್ಲಿ ಒಂದು ಕೋಣೆ. ಸಂಜೆಯಾದರೆ ಅಲ್ಲಿ ತಾಯಿ ಮಕ್ಕಳ ಓದಿನ ತರಗತಿ. ತಾಯಿಯೂ ಮಗುವೂ ಒಂದೇ ಚಾಪೆಯಲ್ಲಿ ಕೂತು ಕಲಿಯುವುದು ಅಲ್ಲಿಯ ಪದ್ಧತಿ. ತಾಯಿ ತನ್ನೂರಿನ ಕತೆ ಹೇಳಬೇಕು, ಟೀಚರು ಅದನ್ನೇ ಬೋರ್ಡಿನ ಮೇಲೆ ಬರೆಯಬೇಕು, ಇಬ್ಬರೂ ಕೂಡಿ ಓದಬೇಕು. ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿದ್ದ ತರಗತಿ ಅದು. ಜೋಳದ ಕಾಳು ಹೊತ್ತ ಇರುವೆಯ ಕತೆಯನ್ನು ಮರೆಮ್ಮ ಹೇಳಿದ ದಿನ, ಅವ್ವನ ಮಾತು ಬೋರ್ಡಿನ ಮೇಲೆ ಸಾಲಾಗಿ ನಿಂತದ್ದನ್ನು ಕಂಡು ಜ್ಯೋತಿ ಬಾಯಿ ಬಿಟ್ಟು ನೋಡಿದ್ದಳು.

ಇಂದು ಆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಪ್ರಫುಲ್ಲಾ ಟೀಚರು ಕೂತಿದ್ದರು. ಉಡುಪಿ ಕಡೆಯವರು, ವರ್ತಕ ನಗರದಿಂದ ಬಂದು ಹೋಗುವವರು.

"ಯಾಕ್ರಿ ಟೀಚರ್, ಮುಂಜಾನೆನೇ ಬಂದೀರಿ?"

"ಇನ್ನು ಸಂಜೆ ಬರ್ಲಿಕ್ಕೆ ಇಲ್ಲ ಮರೆಮ್ಮ. ಕ್ಲಾಸು ಬಂದ್ ಆಯ್ತು. ಈ ವರ್ಷ ದುಡ್ಡು ಕೊಡುದಿಲ್ಲಂತೆ."

"ಯಾಕಂತ?"

"ಇಲ್ಲಿ ಕಲಿಯುವವರೇ ಇಲ್ಲಂತೆ."

ಪಕ್ಕದ ಗುಡಿಸಲಿನ ಸುಂದರಿ ಅದೇ ದಾರಿಯಲ್ಲಿ ಬರುತ್ತಿದ್ದಳು. ವಿಜಯಪುರದ ಹೆಣ್ಣು, ಬಾಯಿ ಸುಮ್ಮನಿರದು. "ತಾಟು ಬಡದಾಕಿ ಎದುರಿಗೇ ನಿಂತಾಳಲ್ರಿ, ಆಕಿನ್ನ ಕೇಳ್ರಿ!" ಎಂದಳು. ಮರೆಮ್ಮ ತಲೆ ತಗ್ಗಿಸಿದಳು.

ಆ ಓಣಿಯಲ್ಲಿ ಒಂದು ರೂಢಿ ಉಂಟು. ಗುಡಿಸಲು ಕೆಡವುವ ಗಾಡಿ ಬಂದರೆ, ಮೊದಲು ಕಂಡವರು ಊಟದ ತಾಟು ಬಡಿಯಬೇಕು. ಸದ್ದು ಕೇಳಿದವರು ಕೈಗೆ ಸಿಕ್ಕ ಪಾತ್ರೆ, ಹಾಸಿಗೆ, ಕೂಸುಗಳನ್ನು ಎತ್ತಿಕೊಂಡು ಗುಡ್ಡ ಹತ್ತಬೇಕು. ಕೆಲವು ತಿಂಗಳ ಹಿಂದೆ, ಚಳಿ ಕಳೆಯುವ ಹೊತ್ತಿಗೆ, ಒಂದು ಸಂಜೆ ಪಾಲಿಕೆಯ ಜೀಪು ಓಣಿಗೆ ತಿರುಗಿತು. ಕಂಡವಳು ಮರೆಮ್ಮ. ಕೆಡವುವ ಗಾಡಿಯೆಂದೇ ಬಡಿದಳು. ತರಗತಿಯಲ್ಲಿ ಕೂತಿದ್ದವರೂ ಎದ್ದು ಓಡಿದರು. "ಹೆದರ್ಬೇಡಿ, ಅವರು ಕ್ಲಾಸು ನೋಡ್ಲಿಕ್ಕೆ ಬಂದದ್ದು!" ಎಂದು ಟೀಚರು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ವಾರ್ಡ್ ಆಫೀಸಿನ ಸಾಹೇಬರು ಜೀಪಿನಿಂದ ಇಳಿದು ನೋಡಿದರೆ ಬಾಗಿಲಲ್ಲಿ ಚಪ್ಪಲಿಗಳಿದ್ದವು, ಕಾಲುಗಳಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಖಾಲಿ ಚಾಪೆ ನೋಡಿ ಹೊರಟುಹೋದರು. ಖಾಲಿ ಚಾಪೆಗೆ ದುಡ್ಡು ಯಾರು ಕೊಟ್ಟಾರು?

ಬೀಗ ಕಂಡ ಆ ದಿನ ಕೂಲಿ ಸಿಗಲಿಲ್ಲ. ಮನೆಗೆ ಮರಳಿದರೆ ಗಂಡ ಮಾನಪ್ಪ ಬಾಗಿಲಲ್ಲಿ ಬೀಡಿ ಸೇದುತ್ತ ಕೂತಿದ್ದ. ಅವನದು ಗಾರೆ ಕೆಲಸ, ಅಂಬರನಾಥದ ಮುಕಾದಮನ, ಅಂದರೆ ಮೇಸ್ತ್ರಿಯ, ಕೈಕೆಳಗೆ. ಬೀಗದ ಸುದ್ದಿ ಕೇಳಿ, "ಛಲೋ ಆತು" ಎಂದ. "ಮುಕಾದಮನ ಮನ್ಯಾಗ ಕೂಸು ಆಡ್ಸಾಕ ಹುಡುಗಿ ಬೇಕಂತ. ಐತವಾರ ಜ್ಯೋತಿನ್ನ ಬಿಟ್ಟು ಬರ್ತೀನಿ. ಅಲ್ಲೇ ಉಣ್ತಾಳ, ಅಲ್ಲೇ ಮಕ್ಕೋತಾಳ."

"ಸಾಲಿ ಸುರು ಆದ್ರ ಸೇರಸ್ತೀನಿ ಅಂದಿದ್ರು ಟೀಚರು."

"ಟೀಚರಿಗೇ ಬಾಗಿಲಿಲ್ಲ. ನಿನ್ನ ಮಗಳಿಗೆ ಎಲ್ಲಿಂದ ತರ್ತಾರ? ನೀ ಓದಿದ್ಯಾ? ನಾ ಓದಿದ್ನಾ? ಬದುಕಿಲ್ಲೇನು?"

ಮರೆಮ್ಮ ಒಲೆಯ ಕಡೆ ಮುಖ ಮಾಡಿದಳು. ಇದು ಬದುಕೇ ಎಂದು ಕೇಳಬೇಕೆಂದವಳು ಬೆಂಕಿ ಊದಿದಳು. ತಾನೂ ಜ್ಯೋತಿಯಷ್ಟಿದ್ದಾಗ ಪರರ ಮನೆಯ ಕೂಸು ಆಡಿಸಿದವಳೇ. ಆ ಮನೆಯ ಹೊಸಿಲು ಇಂದಿಗೂ ಕನಸಿನಲ್ಲಿ ಬರುತ್ತದೆ.

ಮರುದಿನ ಟೀಚರು ಗುಡಿಸಲಿಗೇ ಬಂದರು. "ಮರೆಮ್ಮ, ಗುರುವಾರ ವಾರ್ಡ್ ಆಫೀಸಿಗೆ ಹೋಗುವ. ನಾವು ಕಲಿಯುವವರು ಇದ್ದೇವೆ, ದುಡ್ಡು ಕೊಡಿ ಅಂತ ಕೇಳುವ."

"ಸರ್ಕಾರದ ದುಡ್ಡು ಕೇಳಾಕ ನಾವ್ಯಾರ್ರಿ?"

"ನಿಮ್ಮೂರ ಗುಡಿಯ ದೀಪಕ್ಕೆ ಎಣ್ಣೆ ಯಾರು ಹಾಕುದು?"

"ಪಾಳಿ ಮ್ಯಾಲ. ಮನಿಗೊಂದ್ ದಿನ."

"ಆ ದೀಪದ ಬೆಳಕಿನಲ್ಲಿ ಕೂತುಕೊಳ್ಳಲಿಕ್ಕೆ ನಾಚಿಕೆ ಉಂಟಾ? ಇದೂ ಹಾಗೇ ಮಾರಾಯ್ತಿ. ನೀವು ಸಾಬೂನು ತಗೊಳ್ತೀರಿ, ಮೊಬೈಲಿಗೆ ರೀಚಾರ್ಜ್ ಹಾಕ್ತೀರಿ. ಅದರಲ್ಲೆಲ್ಲ ತೆರಿಗೆ ಉಂಟು. ನಿಮ್ಮ ಪಾಳಿಯ ಎಣ್ಣೆ ನೀವು ಹಾಕಿ ಆಗಿದೆ."

ಆಗ ಮರೆಮ್ಮನ ಒಳಗಿದ್ದ ಮಾತು ಹೊರಗೆ ಬಂತು. "ಮನಿ ಕೆಡವೋ ಗಾಡಿ ಕಳಸೋರೂ ಅವರೇ ಅಲ್ರೀ? ನಾವ್ ಇಲ್ಲೇ ಅದೀವಿ ಅಂತ ನಾವೇ ಹೋಗಿ ಹೇಳೋದಾ?"

"ಹೆದರಿಕೆ ಬೇಡ ಅಂತ ನಾನು ಸುಳ್ಳು ಹೇಳುದಿಲ್ಲ," ಎಂದರು ಟೀಚರು. "ಆದ್ರೆ ಅಡಗಿ ಕೂತವರನ್ನು ಗಾಡಿ ಬಿಟ್ಟಿದೆಯಾ? ಅದು ಹೇಗೂ ಬರ್ತದೆ. ಅಡಗಿದ್ದಕ್ಕೆ ಹೋದದ್ದು ಕ್ಲಾಸು ಮಾತ್ರ."

ಗುರುವಾರ ಇನ್ನೊಂದು ಸಂಕಟ. ಓಣಿಯ ನಲ್ಲಿಯಲ್ಲಿ ನೀರು ಬರುವುದು ಸಂಜೆ ಒಂದೇ ಹೊತ್ತು. ಸಾಲಿನಲ್ಲಿ ನಿಲ್ಲದಿದ್ದರೆ ಕೊಡ ಖಾಲಿ. ಸುಂದರಿ ಗೊಣಗುತ್ತಲೇ ಮರೆಮ್ಮನ ಕೊಡಗಳನ್ನು ಕಸಿದುಕೊಂಡಳು. "ಹೋಗವ್ವ ಕಲೆಕ್ಟರಮ್ಮ, ಹೋಗು. ನಿನ್ನ ನೀರು ನಾ ತುಂಬ್ತೀನಿ."

ವಾರ್ಡ್ ಆಫೀಸಿನ ಬೆಂಚಿನ ಮೇಲೆ ಮರೆಮ್ಮ, ಜ್ಯೋತಿ, ಟೀಚರು ಮತ್ತು ಓಣಿಯ ಇನ್ನೂ ಕೆಲವು ಹೆಂಗಸರು ಬಹಳ ಹೊತ್ತು ಕೂತರು. ಹೊರಗೆ ಮಳೆ ಹಿಡಿಯಿತು. ಕೊನೆಗೆ ಸಾಹೇಬರು ಒಳಗೆ ಕರೆದರು. ಅಂದು ಜೀಪಿನಲ್ಲಿ ಬಂದಿದ್ದವರೇ. ಟೀಚರು ಅರ್ಜಿ ಮುಂದಿಟ್ಟರು.

ಸಾಹೇಬರು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: ನಾನೇ ಬಂದಿದ್ದೆ, ಒಬ್ಬರೂ ಇರಲಿಲ್ಲ.

ಮರೆಮ್ಮ ಎದ್ದು ನಿಂತಳು. ಬರುತ್ತಿದ್ದ ನಾಲ್ಕು ಹಿಂದಿ ಮಾತೂ ಮರೆತುಹೋದವು. ಆಗ ಜ್ಯೋತಿ ಅವ್ವನ ಸೆರಗು ಬಿಟ್ಟು ಮುಂದೆ ಬಂದು, ಇಲ್ಲಿ ಹುಟ್ಟಿದ ಮಕ್ಕಳ ಹಿಂದಿಯಲ್ಲಿ, "ಸಾಬ್, ಸಬ್ ಥೇ! ಆಪ್‌ಕೀ ಗಾಡೀ ದೇಖ್‌ಕೇ ಭಾಗ್ ಗಯೇ. ಮಮ್ಮೀ ನೇ ಥಾಲೀ ಬಜಾಯೀ!" ಎಂದಳು. ಎಲ್ಲರೂ ಇದ್ದರು, ನಿಮ್ಮ ಗಾಡಿ ಕಂಡು ಓಡಿದರು, ತಾಟು ಬಡಿದದ್ದು ನಮ್ಮವ್ವ ಎಂದು ಹುಡುಗಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

ಸಾಹೇಬರು ನಗುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ನಗಲಿಲ್ಲ. ಕಿಟಕಿಯಾಚೆ ನಿಂತಿದ್ದ ತಮ್ಮ ಜೀಪನ್ನೇ ನೋಡುತ್ತ ಕೂತರು. ಆಮೇಲೆ ಹೇಳಿದರು: ಈ ವರ್ಷದ ದುಡ್ಡು ಬೇರೆ ಕಡೆ ಹೋಗಿಯಾಗಿದೆ. ಕೋಣೆ ತೆರೆಸಬಲ್ಲೆ, ಪುಸ್ತಕ ಕೊಡಿಸಬಲ್ಲೆ. ಟೀಚರ ಗೌರವಧನಕ್ಕೆ ಮೇಲಿನವರಿಗೆ ಬರೆಯುತ್ತೇನೆ, ದೀಪಾವಳಿ ಕಳೆಯಬೇಕು, ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ. ಮತ್ತೆ ನೋಡಲು ಬಂದರೆ ಓಡುತ್ತೀರೋ?

ಈಗ ಮರೆಮ್ಮನಿಗೆ ಮಾತು ಸಿಕ್ಕಿತು. "ಪೈದಲ್ ಆನಾ ಸಾಬ್," ಎಂದಳು. ನಡೆದು ಬನ್ನಿ.

ಮನೆಗೆ ಬಂದಾಗ ಮಾನಪ್ಪ ರೊಟ್ಟಿ ಮುರಿಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನ ಕೈ ನಿಂತಿತು.

"ಸಾಹೇಬನ ಎದುರು ಮಾತಾಡಿದ್ಳಾ ಇಕಿ?"

"ಮಾತಾಡಿದ್ಳು."

"ನಾ ಇಷ್ಟ್ ವರ್ಷದಾಗ ಮುಕಾದಮನ ಎದುರಿಗೂ ಒಂದ್ ಮಾತ್ ಆಡಿಲ್ಲ." ಅಷ್ಟೆಂದು ಉಂಡು ಕೈ ತೊಳೆದ. ಐತವಾರ ಅವನು ಅಂಬರನಾಥಕ್ಕೆ ಹೋದದ್ದು ಒಬ್ಬನೇ. ತೊಯ್ದು ತಪ್ಪಡಿಯಾಗಿ ಮರಳಿದ. ಮಗಳನ್ನು ಕಳಿಸುವುದಿಲ್ಲ ಎಂದದ್ದಕ್ಕೆ ಮುಕಾದಮ ಮಳೆಗಾಲ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದನಂತೆ. ಆ ಮಳೆಗಾಲ ಅವರ ಒಲೆ ಒಂದೇ ಹೊತ್ತು ಉರಿಯಿತು. ಆದರೆ ಜ್ಯೋತಿ ಶಾಲೆಗೆ ಸೇರಿದಳು. ಟೀಚರು ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದಿದ್ದರು. ವಾರಕ್ಕೆ ಎರಡು ಸಂಜೆ ಮಾತ್ರ, ದಣಿದ ಮುಖದಲ್ಲಿ, ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಮಕ್ಕಳು ಕಲಿತದ್ದರಲ್ಲಿ ಅರ್ಧ ಮರೆತಿದ್ದರು. ದೀಪಾವಳಿ ಇನ್ನೂ ದೂರವಿತ್ತು.

ಇದನ್ನು ಓದುವ, ಓದಿಸಿ ಕೇಳುವ ತಾಯಂದಿರೇ, ಅಣ್ಣಂದಿರೇ, ದೇವರು ಕಣ್ಣು ಕೊಟ್ಟ. ಅಕ್ಷರವನ್ನು ಊರೇ ಕೂಡಿ ಕೊಡಬೇಕು. ಅದಕ್ಕೆಂದು ತೆಗೆದಿಡುವ ದುಡ್ಡು ಯಾರದೋ ದಾನವಲ್ಲ, ನಮ್ಮ ನಿಮ್ಮ ಪಾಳಿಯ ಎಣ್ಣೆ. ಕೇಳದಿದ್ದರೆ ಅದು ಬೇರೆ ಕಡೆ ಹೋಗುತ್ತದೆ, ಒಮ್ಮೆ ಹೋದದ್ದು ಬೇಗ ಮರಳುವುದಿಲ್ಲ. ನಿಮ್ಮ ಓಣಿಯಲ್ಲಿ ಇಂಥ ತರಗತಿ ಇದ್ದರೆ ಮಕ್ಕಳ ಕೈ ಹಿಡಿದು ಹೋಗಿ ಕೂತುಕೊಳ್ಳಿ, ನೋಡಲು ಬಂದವರಿಗೆ ನಿಮ್ಮ ಹೆಸರು ನೀವೇ ಹೇಳಿ. ಇಲ್ಲದಿದ್ದರೆ ನಾಲ್ಕು ಮನೆಯವರು ಕೂಡಿ ವಾರ್ಡ್ ಆಫೀಸಿಗೆ ಹೋಗಿ ಅರ್ಜಿ ಕೊಡಿ, ಉತ್ತರ ಬರುವ ತನಕ ಮತ್ತೆ ಮತ್ತೆ ಹೋಗಿ. ಒಬ್ಬರು ಹೋದಾಗ ಅವರ ಮನೆಯ ಕೆಲಸಕ್ಕೆ ಇನ್ನೊಬ್ಬರು ಹೆಗಲು ಕೊಡಿ.

ತರಗತಿ ಮತ್ತೆ ತೆರೆದ ಸಂಜೆ ಮಳೆ ಜಿಟಿಜಿಟಿ ಹಿಡಿದಿತ್ತು. ಒಳಗೆ ಟೀಚರ ದನಿ. ಹೊರಗೆ ನಲ್ಲಿಯ ಸಾಲಿನಲ್ಲಿ ಸುಂದರಿ, ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದು, ತೆರೆದ ಬಾಗಿಲ ಕಡೆಗೇ ನೋಡುತ್ತ ನಿಂತಿದ್ದಳು. ಮರೆಮ್ಮ ಜ್ಯೋತಿಯನ್ನು ಒಳಗೆ ಕೂರಿಸಿ ಹೊರಗೆ ಬಂದಳು. ಸುಂದರಿಯ ಕೈಯಿಂದ ಕೊಡಗಳನ್ನು ತೆಗೆದುಕೊಂಡು, ಅವಳನ್ನು ತರಗತಿಯ ಬಾಗಿಲ ಕಡೆ ತಳ್ಳಿ, ಅವಳ ಜಾಗದಲ್ಲಿ ತಾನು ನಿಂತಳು.