ಟವೆಲ್ ಹೊದ್ದ ಆಂಜನೇಯ

ಹೆಂಗಸರು ಏನು ಎತ್ತಬಹುದು, ಏನು ಎತ್ತಬಾರದು ಎಂಬುದು ಮಧುಗಿರಿಯ ಗಂಡಸರಿಗೆ ಚೆನ್ನಾಗಿ ಗೊತ್ತು. ಗ್ಯಾಸ್ ಸಿಲಿಂಡರ್ ಎತ್ತಬಹುದು. ನಲ್ಲಿ ಬಾರದ ದಿನ ಬೀದಿಯ ತುದಿಯಿಂದ ಕೊಡ ಹೊರಬಹುದು. ಸೊಸೈಟಿ ಅಕ್ಕಿಯ ಚೀಲವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಶ್ರೀಲತಾ ಜಿಮ್ಮಿಗೆ ಸೇರುತ್ತೇನೆ ಎಂದದ್ದೇ ತಡ, ಗಂಡ ರಂಗರಾಜುವಿಗೆ ಹೆಂಡತಿಯ ಗರ್ಭಕೋಶದ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿ ಬಂತು.

"ಭಾರ ಎತ್ತಿದ್ರೆ ಗರ್ಭ ಜಾರ್ತದೆ ಕಣೇ," ಎಂದ, ಸೋಫಾ ಬಿಟ್ಟು ಏಳದೆ. ಅದೇ ಉಸಿರಿನಲ್ಲಿ, "ಸಿಲಿಂಡರ್ ಬಂದೈತೆ, ಒಳಗಿಡು," ಎಂದ.

ಶ್ರೀಲತಾ ಒಳಗಿಟ್ಟಳು. ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು, ದಡ್ಡತನದ ಮುಂದೆ ತಾಳ್ಮೆ ಅವಳಿಗೆ ರೂಢಿಯಾಗಿತ್ತು.

ಅವಳಿಗೆ ತೋಳು ಬೆಳೆಸುವ ಶೋಕಿ ಇರಲಿಲ್ಲ. ಅತ್ತೆ ಮಾರಕ್ಕ ಬಚ್ಚಲಲ್ಲಿ ಜಾರಿ, ಸೊಂಟದ ಆಪರೇಷನ್ ಆಗಿ, ಮಂಚ ಹಿಡಿದಿದ್ದಳು. ಅವಳನ್ನು ಎಬ್ಬಿಸಿ ಪಕ್ಕದ ಕಮೋಡ್ ಕುರ್ಚಿಗೆ ಕೂರಿಸಬೇಕು, ಅಷ್ಟೇ. ಮಾರಕ್ಕ ತೂಕದ ಹೆಂಗಸು. ಶ್ರೀಲತಾ ಒಮ್ಮೆ ಎತ್ತಲು ಹೋಗಿ ಇಬ್ಬರೂ ಮಂಚದ ಮೇಲೇ ಕುಸಿದಿದ್ದರು, ಇವಳ ಬೆನ್ನು ವಾರಗಟ್ಟಲೆ ಹಿಡಿದುಕೊಂಡಿತ್ತು. ಅಂದಿನಿಂದ ಆ ಕೆಲಸ ಗಂಡುಮಕ್ಕಳಿಬ್ಬರ ಪಾಲಾಯಿತು. ಎಂಥ ಗಂಡುಮಕ್ಕಳು! ಕಿರಿಯವ ಸುರೇಶ್ ಟೀ ಅಂಗಡಿಯಲ್ಲಿ ರಾಜ್ಯವಾಳುತ್ತಿರುತ್ತಿದ್ದ. ಹಿರಿಯವ ರಂಗರಾಜು ಮೊಬೈಲಿನಿಂದ ತಲೆ ಎತ್ತದೆ "ಬಂದೆ ಇರವ್ವಾ" ಎನ್ನುತ್ತಿದ್ದ. ಅವನು ಬರುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತಿತ್ತು. "ಅವ್ವಂಗೆ ಒಂಚೂರೂ ತಡ್ಕಳಕಾಗಲ್ಲ," ಎಂದು ಸುರೇಶ್ ಮೂಗು ಮುಚ್ಚಿಕೊಳ್ಳುತ್ತಿದ್ದ. ತಾಯಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಒಂದು ಸಂಜೆ ಶ್ರೀಲತಾ ನೋಡಿದಳು, ಬೆಳಿಗ್ಗೆ ತುಂಬಿಟ್ಟ ಚೆಂಬು ಹಾಗೇ ಇತ್ತು. ಅತ್ತೆಯ ತುಟಿ ಒಡೆದಿತ್ತು.

"ಯಾಕತ್ತೆ, ನೀರೇ ಕುಡಿದಿಲ್ಲ?"

"ದಾಹ ಇಲ್ಲ ಕಣವ್ವಾ."

ಬಂಡೆ ಕಾದು ಊರೆಲ್ಲ ಬೇಯುವ ಬೇಸಿಗೆಯಲ್ಲಿ ದಾಹವಿಲ್ಲವಂತೆ! ಹೆತ್ತ ಮಕ್ಕಳನ್ನು ಕೂಗುವಂತಾಗಬಾರದೆಂದು ಮುದುಕಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ ಎಂದು ಶ್ರೀಲತಾಗೆ ಹೊಳೆಯಿತು. ಮರುದಿನವೇ ಜಿಮ್ಮಿಗೆ ಹೋದಳು.

ಜಿಮ್ಮು ಶಿರಾ ರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿತ್ತು. ಮಾಲೀಕ ಭೀಮರಾಜುವಿನ ತಾತ ಗರಡಿಮನೆ ನಡೆಸಿದವನು. ಬ್ರಹ್ಮಚಾರಿ ಆಂಜನೇಯನ ಎದುರು ಹೆಂಗಸರು ಗರಡಿಯ ಹೊಸಿಲು ತುಳಿಯಬಾರದು ಎಂಬುದು ತಾತನ ಕಟ್ಟಳೆ. ಗರಡಿಯ ಆಂಜನೇಯನ ಪಟ ಈಗ ಜಿಮ್ಮಿನ ಗೋಡೆ ಮೇಲಿತ್ತು. ಮೊಮ್ಮಗನಿಗೆ ತಾತನ ಕಟ್ಟಳೆಯೂ ಬೇಕು, ಹೆಂಗಸರ ಫೀಸೂ ಬೇಕು. ಅದಕ್ಕೆ ಘನವಾದ ಉಪಾಯ ಕಂಡುಕೊಂಡಿದ್ದ: ಲೇಡೀಸ್ ಟೈಮಿನಲ್ಲಿ ಪಟಕ್ಕೆ ಒಂದು ಟವೆಲ್ ಹೊದಿಸುತ್ತಿದ್ದ. ಅದೂ ಯಾರೋ ಬೆವರು ಒರೆಸಿದ ಟವೆಲ್.

ಶ್ರೀಲತಾ ಕೈಗೆ ಗುಲಾಬಿ ಬಣ್ಣದ ಡಂಬೆಲ್ ಕೊಟ್ಟ. "ಲೇಡೀಸಿಗೆ ಇಷ್ಟು ಸಾಕು ಮೇಡಂ. ಟೋನಿಂಗ್ ಆಯ್ತದೆ."

ಅವಳ ಊಟದ ಬುತ್ತಿಯೇ ಅದಕ್ಕಿಂತ ಭಾರವಿತ್ತು. "ನನಗೆ ಆ ಕಬ್ಬಿಣದ ರಾಡು ಬೇಕು."

"ಅದು ಆಗಕಿಲ್ಲ. ಆಯುಧಪೂಜೆ ಮಾಡಿರೋದು, ಆಂಜನೇಯಂದು. ಹೆಂಗಸ್ರು ಮುಟ್ಟಂಗಿಲ್ಲ."

"ಬೆಟ್ಟ ಹೊತ್ತೋನು ಒಂದು ಹೆಂಗಸಿಗೆ ಹೆದರ್ತಾನಾ ಭೀಮರಾಜು? ಹೆದರಿರೋದು ನೀವು," ಎಂದು ಶ್ರೀಲತಾ ಟವೆಲ್ ಎಳೆದು ಅವನ ಹೆಗಲಿಗೇ ಹಾಕಿದಳು. ಆಂಜನೇಯ ಎಂದಿನಂತೆ ಬೆಟ್ಟ ಹಿಡಿದು ನಿಂತಿದ್ದ, ಅವನಿಗೇನೂ ಆಗಿರಲಿಲ್ಲ.

ಅವಳು ರಾಡಿಗೆ ಕೈ ಹಾಕಿದಳು. ಬೆನ್ನು ಬಿಲ್ಲಾಯಿತು. ಭೀಮರಾಜುವಿಗೆ ಧರ್ಮ ಕೆಟ್ಟದ್ದಕ್ಕಿಂತ ವರಸೆ ಕೆಟ್ಟದ್ದು ಸಹಿಸಲಾಗಲಿಲ್ಲ. "ಅಯ್ಯೋ, ಬೆನ್ನು ಬಗ್ಗಿಸ್ಬ್ಯಾಡಿ! ಸೊಂಟ ಹಿಂದಕ್ಕೆ ತಳ್ಳಿ. ರಾಡು ಕಾಲಿಗೆ ಅಂಟ್ಕಂಡಿರ್ಲಿ. ಕಾಲಲ್ಲಿ ನೆಲ ಒತ್ತಿ ಏಳಿ!" ಎಂದು ಕಿರುಚಿದ. ಅವಳಿಗೆ ಬೇಕಾದದ್ದೂ ಅದೇ.

ಮೊಣಕಾಲ ಕೆಳಗೆ ಚರ್ಮ ತರಚಿತು. ಅಂಗೈ ದಡ್ಡುಗಟ್ಟಿತು. ಮೊದಮೊದಲು ಬೋರ್ಡಿನ ಮೇಲೆ ಬರೆಯಲೂ ಕೈ ಏಳುತ್ತಿರಲಿಲ್ಲ. ರಾಡಿಗೆ ತೂಕದ ತಟ್ಟೆಗಳು ಒಂದೊಂದಾಗಿ ಸೇರುತ್ತ ಬಂದವು. "ತೋಳು ದಪ್ಪ ಆದ್ರೆ ಬಳೆ ಹೆಂಗಮ್ಮ ಏರ್ತವೆ?" ಎಂದು ಎದುರುಮನೆ ಮಹಾಲಕ್ಷ್ಮಮ್ಮ ಮರುಗಿದಳು. ದೊಡ್ಡ ಬಳೆಗಳೂ ಅಂಗಡಿಯಲ್ಲಿ ಸಿಗುತ್ತವೆ ಎಂದಳು ಶ್ರೀಲತಾ. ಮಾರಕ್ಕ ಕೂಡ, "ಗಂಡಸ್ರ ಕೆಲ್ಸ ನಿಂಗ್ಯಾಕೆ ಬೇಕಿತ್ತು?" ಎಂದು ಮುಖ ತಿರುಗಿಸಿದಳು. ಅದೊಂದು ಮಾತು ಮಾತ್ರ ಅವಳಿಗೆ ನಾಟಿತು.

ಒಂದು ಭಾನುವಾರ ಟಿವಿಯಲ್ಲಿ ಮ್ಯಾಚಿತ್ತು. "ರಂಗಾ..." ಎಂದು ಒಳಗಿಂದ ಸಣ್ಣ ದನಿ ಬಂತು.

"ಈ ಓವರ್ ಮುಗೀಲಿ ಇರವ್ವಾ!"

ಶ್ರೀಲತಾ ಒಳಗೆ ಹೋದಳು. "ನನ್ನ ಕತ್ತು ಹಿಡ್ಕಳಿ ಅತ್ತೆ."

"ಬ್ಯಾಡ ಕಣವ್ವಾ, ಬಿದ್ದುಬುಡ್ತೀವಿ."

"ಬೀಳಲ್ಲ."

ಅವಳು ಕಾಲು ಅಗಲಿಸಿ, ಸೊಂಟ ಹಿಂದಕ್ಕೆ ತಳ್ಳಿ, ಅತ್ತೆಯನ್ನು ಎದೆಗೆ ಅವಚಿಕೊಂಡು ನೆಲ ಒತ್ತಿದಳು. ಮಾರಕ್ಕ ಎದ್ದಳು. ನಿಧಾನವಾಗಿ ತಿರುಗಿ, ಕುರ್ಚಿಯಲ್ಲಿ ಕೂತಳು. ಸೀರೆ ಒಣಗಿಯೇ ಇತ್ತು.

ಓವರ್ ಮುಗಿದ ಮೇಲೆ ರಂಗರಾಜು ಬಾಗಿಲಿಗೆ ಬಂದ. "ಲೇ, ಹೆಂಗೆತ್ತಿದ್ಯೇ?"

"ಬಾಗಿಲು ಹಾಕ್ಕೊಂಡು ಆಚೆ ಹೋಗ್ರೀ. ಮ್ಯಾಚ್ ನೋಡಿ."

ಮತ್ತೆ ಮಂಚಕ್ಕೆ ಮಲಗಿಸಿದಾಗ ಮಾರಕ್ಕ ಸೊಸೆಯ ತೋಳು ಬಿಡಲಿಲ್ಲ. ಸಂತೆಯಲ್ಲಿ ಮಾವಿನಕಾಯಿ ನೋಡುವವಳಂತೆ ಅದನ್ನು ಒತ್ತಿ ಒತ್ತಿ ನೋಡಿದಳು. ಹೊರಗೆ ಟಿವಿ ಅರಚುತ್ತಿತ್ತು.

"ನಾಳಿಕೂ ಎತ್ತೀಯಾ?"

"ದಿನಾ ಎತ್ತೀನಿ ಅತ್ತೆ."

ಮಾರಕ್ಕ ಒಡೆದ ತುಟಿ ಸವರಿಕೊಂಡಳು. "ಹಂಗಾರೆ ಆ ಚೆಂಬು ತತ್ತಾ," ಎಂದಳು. ಗಟಗಟನೆ ಪೂರ್ತಿ ಕುಡಿದು, ಖಾಲಿ ಚೆಂಬನ್ನು ಮತ್ತೆ ಮುಂದೆ ಹಿಡಿದಳು.