ಸದ್ದಿಲ್ಲದ ಕೋಣೆ

ಕಿವಿ ಮಿಷನ್ ಮಾರುವವರಿಗೆ ಒಂದು ಜಂಬವಿರುತ್ತದೆ: ಲೋಕದಲ್ಲಿ ತಮ್ಮ ಕಿವಿಯೊಂದೇ ಕಿವಿ, ಮಿಕ್ಕವರದ್ದೆಲ್ಲ ಬರೀ ತೂತು. ನಮ್ಮ ಕಥೆಯ ಈ ಗಂಡನಿಗೆ ಅದು ತುಸು ಹೆಚ್ಚೇ ಇತ್ತು. ಬಸ್ ನಿಲ್ದಾಣದ ಎದುರಿನ ತನ್ನ ಇಕ್ಕಟ್ಟಾದ ಅಂಗಡಿಯಲ್ಲಿ ಕಿವಿ ಮಂದವಾದವರಿಗೆ ಮಿಷನ್ ಕೂರಿಸಿ, ಅವರ ಬೆನ್ನ ಹಿಂದೆ ನಿಂತು, "ಈಗ ಕೇಳಿಸ್ತಾ?" ಎಂದು ಪಿಸುಗುಟ್ಟುವುದು ಅವನ ಕಸುಬು. ಪಕ್ಕದ ಮನೆಯ ಫ್ರಿಜ್ ಕೆಡುವ ಮೊದಲೇ ಅದರ ಗುಂಯ್ ಸದ್ದು ಬದಲಾದದ್ದನ್ನು ಗೋಡೆಯ ಈಚೆಯಿಂದ ಹೇಳಬಲ್ಲ ಆಸಾಮಿ. ಬುದ್ಧಿಮಾತು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಪೈಕಿ.

ಅವನ ಹೆಂಡತಿ ಶಿಶುವಿಹಾರದ ಟೀಚರ್. ಕರಡಿಯ ಗೊಗ್ಗರು ದನಿ, ಇಲಿಯ ಕೀಚಲು, ಮುನಿಸಿಕೊಂಡ ಚಂದಿರನ ಬಿಂಕ, ಎಲ್ಲಕ್ಕೂ ಅವಳ ಗಂಟಲೇ ಮನೆ. ಅದೇ ಗಂಟಲಲ್ಲಿ ಈಗ ಕೆಟ್ಟ ಗಡ್ಡೆಯೊಂದು ಬಂದು ಕೂತಿತ್ತು. ಆಪರೇಷನ್ನಿಗೆ ಒಂದೆರಡು ತಿಂಗಳಾಚೆಯ ದಿನ ಗೊತ್ತಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ಒಂದು ಸಮಾಧಾನವನ್ನೂ ಹೇಳಿದ್ದರು. ದನಿ ಇರುವಾಗಲೇ ನೂರಾರು ವಾಕ್ಯ ಓದಿ ಕಂಪ್ಯೂಟರಿನಲ್ಲಿ ತುಂಬಿಟ್ಟರೆ, ಅದನ್ನು ಕೂಡಿಸಿ ಒಂದು ದನಿ ಕಟ್ಟಿಕೊಡುವ ಸಂಸ್ಥೆಯಿದೆ. ಆಮೇಲೆ ಅವಳು ಏನು ಟೈಪ್ ಮಾಡಿದರೂ ಅಂಗೈಯಗಲದ ಯಂತ್ರವೊಂದು ಅದನ್ನು ಅವಳದೇ ದನಿಯಲ್ಲಿ ಆಡಿ ತೋರಿಸುತ್ತದೆ.

ಅಷ್ಟು ಕೇಳಿದ್ದೇ ತಡ, ಗಂಡ ಸೊಂಟ ಕಟ್ಟಿ ನಿಂತ. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಹಾಸಿಗೆ ಒರಗಿಸಿದ, ಕಿಟಕಿಗೆ ಕಂಬಳಿ ಹೊದಿಸಿದ, ಗಡಿಯಾರದ ಸೆಲ್ ಕಿತ್ತಿಟ್ಟ. ಎಲ್ಲ ಸದ್ದೂ ಅಡಗಿತು, ಒಂದನ್ನು ಬಿಟ್ಟು. ಕಂಪ್ಯೂಟರ್ ತನ್ನ ಪಾಡಿಗೆ ತಾನು ಅಪ್‌ಡೇಟ್ ಶುರುಮಾಡಿದಾಗಲೆಲ್ಲ ಒಳಗಿನ ಫ್ಯಾನ್ ಬುಸುಗುಡುತ್ತಿತ್ತು. ವೈರಸ್ ಹುಡುಕುವ ಕಾವಲು ತಂತ್ರಾಂಶ ಎದ್ದರೂ ಅದೇ ಗೋಳು. ಹೆಂಡತಿ "ಕಿಟಕಿ ತೆರೆಯಿರಿ, ಗಾಳಿ ಬರಲಿ" ಎಂದು ಚೆಂದವಾಗಿ ಓದುತ್ತಿರುವಾಗ ಹಿಂದಿನಿಂದ ಬುಸ್ಸ್! ಮೊದಮೊದಲು ಅವನು "ನಾಳೆ ನೆನಪಿಸು" ಎಂಬ ಗುಂಡಿ ಒತ್ತುತ್ತಿದ್ದ. ನಾಳೆ ಎಂದವನ ಮನೆ ಹಾಳು ಅಂತ ಸುಮ್ಮನೆ ಹೇಳಿದ್ದಾರೆಯೇ? ಕೊನೆಗೆ ಅದೂ ಬೇಸರವಾಗಿ ಎರಡನ್ನೂ ಪೂರ್ತಿ ಆಫ್ ಮಾಡಿಬಿಟ್ಟ.

ಹೆಂಡತಿಯ ತಮ್ಮ ಒಂದು ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅವನು ತಲೆ ಚಚ್ಚಿಕೊಂಡು ಹೇಳಿದ್ದ: "ಭಾವ, ರೆಕಾರ್ಡ್ ಮಾಡುವಾಗ ಬೇಕಾದ್ರೆ ನಿಲ್ಸಿ. ಮುಗಿದ ಮೇಲಾದ್ರೂ ಹಾಕ್ಬೇಕಪ್ಪಾ. ಆಯಾ ದಿನದ್ದು ಆಯಾ ದಿನವೇ ಸಂಸ್ಥೆಗೆ ಕಳಿಸ್ಬಿಡಿ."

"ಧೂಳು ಕೂತ ದನಿ ಕಳಿಸ್ಲಾ? ಒಂದೊಂದು ವಾಕ್ಯನೂ ತೊಳೆದು, ಚೊಕ್ಕ ಮಾಡಿ, ಕೊನೆಗೆ ಒಟ್ಟಿಗೆ ಕಳಿಸ್ತೀನಿ ಕಣೋ. ಈ ವಿಷಯದಲ್ಲಿ ನನಗೆ ಪಾಠ ಹೇಳ್ಬೇಡ."

ಪಾಠ ಹೇಳಬೇಡ ಅಂದ ಮೇಲೆ ಯಾರು ತಾನೇ ಹೇಳುತ್ತಾರೆ?

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಅವನು ಕಾಫಿ ಕುಡಿದು ಆ ಕೋಣೆಗೆ ಹೋದ. ಎಲ್ಲ ವಾಕ್ಯಗಳನ್ನೂ ಅಂದು ಸಂಜೆಯೊಳಗೆ ಕಳಿಸಬೇಕಿತ್ತು. ಹೆಂಡತಿ ನಡುಮನೆಯಲ್ಲಿ ಆಸ್ಪತ್ರೆಯ ಚೀಲಕ್ಕೆ ಬಟ್ಟೆ ಮಡಿಸಿ ತುಂಬುತ್ತಿದ್ದಳು. ಆಗಲೇ ಅವಳ ದನಿ ಒಡೆದು, ಒಣ ಎಲೆಯ ಮೇಲೆ ಕಾಲಿಟ್ಟಂತೆ ಕರಕರ ಎನ್ನುತ್ತಿತ್ತು. ಮಾತು ಕಡಿಮೆ ಮಾಡಿ, ಇರುವಷ್ಟನ್ನು ಜೋಪಾನ ಮಾಡಿ ಎಂದು ಡಾಕ್ಟರ ಕಟ್ಟಪ್ಪಣೆ.

ಅವನು ಮೊದಲ ವಾಕ್ಯದ ಮೇಲೆ ಒತ್ತಿದ. ತೆರೆಯಲಿಲ್ಲ. ಎರಡನೆಯದು? ಅದೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಪ್ರತಿ ಫೈಲಿನ ಹೆಸರಿಗೂ ಕಂಡು ಕೇಳರಿಯದ ಅಕ್ಷರಗಳ ಬಾಲವೊಂದು ಅಂಟಿಕೊಂಡಿದೆ. ಕೆಳಗೆ ಸರಿದ. ಕೆಳಗಿನವು ಇನ್ನೂ ನೆಟ್ಟಗಿದ್ದವು. ನೋಡನೋಡುತ್ತಿದ್ದಂತೆ ಅವುಗಳಲ್ಲೊಂದಕ್ಕೆ ಬಾಲ ಬಂತು. ಅದರ ಕೆಳಗಿನದಕ್ಕೂ ಬಂತು.

ಆಗ ಆ ಪುಣ್ಯಾತ್ಮ ಏನು ಮಾಡಬೇಕಿತ್ತು? ಪ್ಲಗ್ ಕೀಳಬೇಕಿತ್ತು. ಅವನು ಮಾಡಿದ್ದು, ಎದ್ದು ಹೋಗಿ ಬಾಗಿಲು ಮುಚ್ಚಿದ್ದು! ಹೆಂಡತಿಗೆ ಗೊತ್ತಾಗಬಾರದು ಎಂಬುದೊಂದೇ ತಲೆಯಲ್ಲಿ. ಮರಳಿ ಬಂದು ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ನಕಲು ಪ್ರತಿ ಇಡಲೆಂದು ಯಾವಾಗಲೂ ಸಿಕ್ಕಿಸಿಯೇ ಇಟ್ಟಿದ್ದ ಪುಟ್ಟ ಡಿಸ್ಕನ್ನು ತೆರೆದ. ಅಲ್ಲಿ ಒಂದು ಫೈಲೂ ಬಿಡದೆ ಎಲ್ಲಕ್ಕೂ ಬಾಲ. ಜೊತೆಗೆ ಒಂದು ಬೆದರಿಕೆ: ನಿಮ್ಮ ಫೈಲುಗಳಿಗೆಲ್ಲ ಬೀಗ ಬಿದ್ದಿದೆ, ಕೀಲಿ ಬೇಕಾದರೆ ಹಣ ಕಳಿಸಿ. ಬಾಮೈದನಿಗೆ ಫೋನ್ ಮಾಡಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಮೊದ್ಲು ಪ್ಲಗ್ ಕೀಳಿ!" ಅತ್ತಲಿಂದ ಕಿರುಚಿದ ಬಾಮೈದ.

"ಹಾಗೆ ಕಿತ್ರೆ ಫೈಲು ಹಾಳಾಗಲ್ವೇನೋ?"

"ಅಯ್ಯೋ ಭಾವ, ಇರೋದೇ ಹಾಳಾಗ್ತಾ ಇದೆ. ಕಿತ್ತಾಕ್ರೀ!"

ಕಿತ್ತ. ಪರದೆ ಕಪ್ಪಾಯಿತು. ಕೋಣೆ ಎಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಯಾಕ್ರೀ, ಬಾಗಿಲು ಹಾಕ್ಕೊಂಡಿದ್ದೀರಾ?"

"ಏನಿಲ್ಲ ಕಣೇ. ಧೂಳು ಒರೆಸ್ತಿದ್ದೀನಿ."

"ಬಾಗಿಲು ಹಾಕ್ಕೊಂಡಾ?"

"ನೀನು ಮಾತಾಡ್ಬೇಡ. ದನಿ ಉಳಿಸ್ಕೋ."

"ಏನಾಯ್ತು ಹೇಳಿ. ನಿಮ್ಮ ಉಸಿರು ಯಾಕೆ ಹೀಗಿದೆ?"

ಅವಳು ಕೇಳುವ ಒಂದೊಂದು ಪ್ರಶ್ನೆಗೂ ಅವಳಲ್ಲಿ ಉಳಿದ ದನಿ ಸವೆಯುತ್ತಿದೆ. ಅವನು ಹೇಳುವ ಒಂದೊಂದು ಸುಳ್ಳಿಗೂ ಅವಳು ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ನಿಜ ಹೇಳಿದರೆ ಆಪರೇಷನ್ನಿಗೆ ಮುಂಚೆಯೇ ಜೀವ ಕುಗ್ಗುತ್ತದೆ, ಹೇಳದಿದ್ದರೆ ದನಿ ಕುಗ್ಗುತ್ತದೆ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. "ಅಂಗಡಿ ಮಿಷನ್ ಒಂದು ಕೆಟ್ಟಿದೆ ಕಣೇ, ನಿನ್ನ ತಮ್ಮ ಬರ್ತಿದ್ದಾನೆ" ಎಂದು ಅರ್ಧ ಸುಳ್ಳಿಗೆ ಅರ್ಧ ನಿಜ ಬೆರೆಸಿ ಹೇಳಿ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಆಚೆ ಅವಳ ಹೆಜ್ಜೆ ದೂರ ಸರಿಯಿತು.

ಬಾಮೈದ ತನ್ನ ಲ್ಯಾಪ್‌ಟಾಪ್ ಹಿಡಿದು ಓಡೋಡಿ ಬಂದ. ಕಂಪ್ಯೂಟರಿನ ಪಕ್ಕೆ ಬಿಚ್ಚಿ ಡಿಸ್ಕ್ ಹೊರತೆಗೆದು, ಇಂಥ ಡಿಸ್ಕ್ ಓದಲೆಂದೇ ತಾನು ತಂದ ಬೇರೊಂದು ಪೆಟ್ಟಿಗೆಗೆ ಜೋಡಿಸಿ ಪರೀಕ್ಷೆಗೆ ಕೂತ. ಗಂಡನಿಗೆ ನಿಲ್ಲಲಾಗದು, ಕೂರಲಾಗದು.

"ನಿನ್ನೆ ಯಾವುದಾದ್ರೂ ಸೈಟಿಗೆ ಹೋಗಿದ್ರಾ?"

"ಸದ್ದು ತೊಳೆಯೋ ತಂತ್ರಾಂಶ ಪುಕ್ಕಟೆ ಸಿಗುತ್ತೇನೋ ಅಂತ ಹುಡುಕಿದೆ. ಏನೂ ಇಳಿಸ್ಕೊಳ್ಳಲಿಲ್ಲ ಕಣೋ, ಬರೀ ನೋಡಿದೆ."

"ನೋಡಿದ್ದೇ ಸಾಕಾಯ್ತು. ವೈರಸ್ ನುಗ್ಗಿದ ಈ ಕಂಡಿ ಮುಚ್ಚೋಕೆ ಹೋದ ತಿಂಗಳೇ ಅಪ್‌ಡೇಟ್ ಬಂದಿತ್ತು ಭಾವ. ನೀವು ಒಳಗೆ ಬಿಡಲಿಲ್ಲ. ಕಾವಲಿಗೆ ಇದ್ದದ್ದನ್ನೂ ಮಲಗಿಸಿದ್ರಿ."

"ಈಗಲೇ ಹಾಕ್ಬಿಡೋಣ. ಎಲ್ಲಾ ಅಪ್‌ಡೇಟೂ ಹಾಕೋಣ. ಸರಿ ಹೋಗುತ್ತಲ್ವಾ?"

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ." ಅಷ್ಟಂದು ಬಾಮೈದ ತುಟಿ ಕಚ್ಚಿಕೊಂಡ. ಭಾವನ ಮುಖ ನೋಡಿದ ಯಾರಿಗೂ ಇನ್ನೊಂದು ಮಾತು ಆಡುವ ಮನಸ್ಸಾಗುತ್ತಿರಲಿಲ್ಲ.

"ದುಡ್ಡು ಕೊಟ್ಬಿಡೋಣ ಹಾಗಾದ್ರೆ. ಎಷ್ಟಾದ್ರೂ ಆಗಲಿ."

"ಕೊಟ್ರೂ ಕೀಲಿ ಕೊಡ್ತಾರೆ ಅಂತ ಏನು ಖಾತ್ರಿ? ಕಳ್ಳನ ಮಾತು ನಂಬಿ ನಾಳೆವರೆಗೆ ಕಾಯೋಕಾಗುತ್ತಾ? ನಾಳೆ ಅಕ್ಕನಿಗೆ ದನಿನೇ ಇರಲ್ಲ. ಬೀಗ ಬಿದ್ದದ್ದನ್ನ ಹಾಗೇ ಎತ್ತಿಟ್ಟಿರ್ತೀನಿ, ಮುಂದೆ ಯಾರಾದ್ರೂ ಕೀಲಿ ಕಂಡುಹಿಡಿದ್ರೆ ಉಂಟು. ಅದನ್ನೇ ನಂಬ್ಕೊಂಡು ಮಾತ್ರ ಕೂರ್ಬೇಡಿ."

ಆಮೇಲೆ ಅವನು ಪರದೆಯನ್ನು ಭಾವನ ಕಡೆ ತಿರುಗಿಸಿದ. ಬೀಗ ಮೊದಲ ವಾಕ್ಯದಿಂದ ಸಾಲಾಗಿ ಬೀಳುತ್ತ ಬಂದಿತ್ತು. ಗಡ್ಡೆ ಬಲಿಯುವ ಮುಂಚಿನ ದಿನಗಳಲ್ಲಿ, ಗಂಟೆ ಬಾರಿಸಿದಂಥ ದನಿಯಲ್ಲಿ ಅವಳು ಓದಿದ್ದೆಲ್ಲವೂ ಹೋಗಿತ್ತು. ಉಳಿದದ್ದು ಕೊನೆಯ ಕೆಲವು ವಾರಗಳದ್ದು, ದನಿ ಒಡೆದ ಮೇಲೆ ಓದಿದ್ದು. ಅವನು ಬಾಗಿಲು ಮುಚ್ಚಲು ಎದ್ದ ಹೊತ್ತಿನಲ್ಲಿ ಒಳ್ಳೆಯದರ ಕೊನೆಯ ಪಾಲು ಹೋಗಿತ್ತು.

ಬಾಗಿಲು ತೆರೆದಿತ್ತು. ಹೆಂಡತಿ ಬಂದು ನಿಂತಿದ್ದಳು. ಹೊಟ್ಟೆ ಸೀಳಿದ ಕಂಪ್ಯೂಟರನ್ನು ನೋಡಿದಳು, ತಮ್ಮನ ಮುಖ ನೋಡಿದಳು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು.

"ಹೋಯ್ತು ಕಣೇ" ಎಂದ ಅವನು. "ನಿನ್ನ ಒಳ್ಳೆ ದನಿ ಎಲ್ಲಾ ಹೋಯ್ತು. ಇವನು ಬಡ್ಕೊಂಡ, ನಾನು ಕೇಳಲಿಲ್ಲ. ಆ ಫ್ಯಾನಿನ ಸದ್ದು ಆಗ್ಬಾರ್ದು ಅಂತ ಎಲ್ಲಾ ನಿಲ್ಲಿಸಿದ್ದೆ. ಬೆಳಿಗ್ಗೆಯಿಂದ ನಿನ್ನ ಹತ್ರ ಸುಳ್ಳು ಹೇಳಿದೆ."

ಅವಳು ಗೋಡೆಗೆ ಒರಗಿಸಿದ ಹಾಸಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕಣ್ಣಿಂದ ನೀರು ಸದ್ದಿಲ್ಲದೆ ಇಳಿಯಿತು.

"ಬೈಯಿ ಕಣೇ. ಬಾಯಿಗೆ ಬಂದಂಗೆ ಬೈಯಿ. ಸುಮ್ಮನೆ ನಿಲ್ಬೇಡ, ನನ್ನ ಕೈಲಿ ಆಗಲ್ಲ!"

ಬಾಮೈದ ಅಷ್ಟರಲ್ಲಿ ಸಂಸ್ಥೆಗೆ ಫೋನ್ ಹಚ್ಚಿದ್ದ. ಅಲ್ಲಿಯ ಹೆಂಗಸು ಹೇಳಿದ್ದನ್ನು ಅವನು ಜೋರಾಗಿಯೇ ಹೇಳಿದ: ಒಡೆದ ದನಿಯಲ್ಲೂ ಕಟ್ಟಬಹುದು, ಆದರೆ ಒಡೆದ ದನಿಯೇ ಬರುತ್ತದೆ. ಉಳಿದಿರುವಷ್ಟು ಸಾಲದು, ಇಂದು ಇನ್ನೂ ಒಂದಷ್ಟು ಓದಿಕೊಟ್ಟರೆ ಆದೀತು. ಸಂಜೆಯೊಳಗೆ ಆಗಬೇಕು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೈಕಿನ ಮುಂದಿನ ಕುರ್ಚಿಯಲ್ಲಿ ಕೂತಳು. ಗಂಡನ ಕಡೆ ತಿರುಗಿ, ಒಂದೊಂದೇ ಮಾತು ತೂಗಿ ಹೇಳಿದಳು: "ಬೈಯೋಕೆ ಇವತ್ತು ದನಿ ಇಲ್ಲ. ಬಿಸಿನೀರು ತನ್ನಿ."

ಅವನು ಓಡಿದ.

ಅವಳು ಓದಿದಳು. ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ. ನನ್ನ ಕನ್ನಡಕ ಎಲ್ಲಿದೆ. ಮಗು ಅಳುತ್ತಿದೆ, ಯಾರಾದರೂ ಎತ್ತಿಕೊಳ್ಳಿ. ದನಿ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಆಗ ಕಣ್ಣು ಮುಚ್ಚಿ, ಒಂದು ಗುಟುಕು ಬಿಸಿನೀರು ಕುಡಿದು, ಅದೇ ವಾಕ್ಯವನ್ನು ಮೊದಲಿನಿಂದ ಓದುತ್ತಿದ್ದಳು. ಬಾಮೈದ ಒಂದೊಂದು ವಾಕ್ಯವನ್ನೂ ಮುಗಿದ ಕೂಡಲೇ ತನ್ನ ಲ್ಯಾಪ್‌ಟಾಪಿನಿಂದ ಸಂಸ್ಥೆಗೆ ಕಳಿಸುತ್ತಿದ್ದ. ಬೀದಿಯಲ್ಲಿ ಗಾಡಿಯೊಂದು ಹಾರನ್ ಹೊಡೆಯಿತು. ಗಂಡನ ಬಾಯಿ ತಾನಾಗಿ ತೆರೆಯಿತು. ಬಾಮೈದ ಅವನತ್ತ ಒಂದು ನೋಟ ಬೀರಿದ, ಅವನು ಬಾಯಿ ಮುಚ್ಚಿದ. ಹಾರನ್ನಿನ ಸಮೇತ ವಾಕ್ಯ ಹೋಯಿತು.

ಮಧ್ಯಾಹ್ನ ಕಳೆದು ಬಿಸಿಲು ಬಾಗುವ ಹೊತ್ತಿಗೆ ಅವಳ ದನಿ ಪೂರ್ತಿ ನಿಂತಿತು. ತುಟಿ ಆಡುತ್ತಿತ್ತು, ಏನೂ ಬರುತ್ತಿರಲಿಲ್ಲ. ಇನ್ನೂ ವಾಕ್ಯಗಳಿದ್ದವು. ಗಂಡ ಅವಳ ಕಾಲಬುಡದಲ್ಲಿ ಕುಸಿದು, "ಸಾಕು ಕಣೇ, ಸಾಕು" ಎಂದ. ಅವಳು ಅವನ ತಲೆಯನ್ನು ಪಕ್ಕಕ್ಕೆ ತಳ್ಳಿದಳು, ಮೆತ್ತಗೇನಲ್ಲ. ಕಾದಳು. ಮೂವರೂ ಕಾದರು. ಬಹಳ ಹೊತ್ತಿನ ಮೇಲೆ ಗಂಟಲ ಅಡಿಯಿಂದ ಒಂದು ಎಳೆ ಎದ್ದು ಬಂತು, ಅದನ್ನೇ ಹಿಡಿದು ಕೊನೆಯವರೆಗೆ ಓದಿದಳು. ಸಂಸ್ಥೆಯ ಹೆಂಗಸು "ಆಯ್ತು, ಸಾಕಷ್ಟಾಯ್ತು" ಎಂದಾಗ ಬಾಮೈದ ಅಕ್ಕನ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟ.

ಆಪರೇಷನ್ ಆಯಿತು. ಗಂಟಲಿನ ಗಾಯ ಮಾಗಿತು. ಮನೆಗೆ ಬಂದ ಮೇಲೂ ಅವಳು ಗಂಡನೊಡನೆ ಕೈಸನ್ನೆಯಲ್ಲಷ್ಟೇ ವ್ಯವಹರಿಸುತ್ತಿದ್ದಳು: ಅನ್ನ, ನೀರು, ಮಾತ್ರೆ. ಅದಕ್ಕಿಂತ ಹೆಚ್ಚಿಲ್ಲ. ಅವನು ಬೆಳಿಗ್ಗೆ ಎದ್ದು ಅವಳ ಮುಖ ನೋಡುವುದು, ಅವಳು ಕಿಟಕಿ ನೋಡುವುದು.

ಒಂದು ಬೆಳಿಗ್ಗೆ ಸಂಸ್ಥೆಯಿಂದ ಯಂತ್ರ ಬಂತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, ಎದುರಿನ ಕುರ್ಚಿ ತೋರಿಸಿ ಅವನನ್ನು ಕೂರಿಸಿದಳು. ಟೈಪ್ ಮಾಡತೊಡಗಿದಳು. ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಅವನ ಕಾಫಿ ಆರಿ ಹೋಯಿತು. ಕೊನೆಗೆ ಗುಂಡಿ ಒತ್ತಿದಳು.

ಒಡೆದ, ಕರಕರ ದನಿ ಹೇಳಿತು: "ನನ್ನ ಒಳ್ಳೆ ದನಿ ಹೋಯ್ತು. ಕಳೆದದ್ದು ನೀವು. ನಿಮ್ಮ ಜಂಬಕ್ಕೆ ಬೆಂಕಿ ಬಿತ್ತು, ಸುಟ್ಟದ್ದು ನನ್ನ ದನಿ. ಇದನ್ನ ಈ ಜನ್ಮದಲ್ಲಿ ನಾನು ಮರೆಯಲ್ಲ. ಬಾಗಿಲು ಮುಚ್ಚಿ ಸುಳ್ಳು ಹೇಳಿದ್ದನ್ನ ಅದಕ್ಕಿಂತ ಮರೆಯಲ್ಲ."

ಅವಳದೇ ದನಿ, ಸಂಶಯವಿಲ್ಲ. ಆದರೆ ಅವಳು ಓದಿಕೊಟ್ಟದ್ದೆಲ್ಲ ಅಂಗಡಿಯ ಹೊತ್ತು, ಕನ್ನಡಕದ ಜಾಗ. ಸಿಟ್ಟಿನಲ್ಲಿ ಅವಳು ಒಂದು ವಾಕ್ಯವನ್ನೂ ಓದಿರಲಿಲ್ಲ, ಆ ದನಿಗೆ ಸಿಟ್ಟು ಬರುತ್ತಲೇ ಇರಲಿಲ್ಲ. ಬೆಂಕಿ ಬಿತ್ತು ಎನ್ನುವುದನ್ನೂ ಅದು ಯಾರಿಗೋ ವಿಳಾಸ ಹೇಳುವಷ್ಟು ಮರ್ಯಾದೆಯಿಂದ ಹೇಳಿ ಮುಗಿಸಿತು. ಅವಳು ಬೈದರೆ ಪಾತ್ರೆ ಅದುರುತ್ತಿದ್ದ ಮನೆ ಅದು. ಇನ್ನು ಮುಂದೆ ಅವಳ ಸಿಟ್ಟೆಲ್ಲ ಹೀಗೆಯೇ ಬರುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅವಳಿಗೂ ಅದು ಕೇಳಿಸಿತ್ತು. ಬೈದ ಹಾಗೆ ಆಗಲಿಲ್ಲ ಎಂದು ಅವಳಿಗೂ ಗೊತ್ತಾಗಿತ್ತು. ಅವಳು ಬಗ್ಗಿ ಅವನ ಕೈಗಳನ್ನು ಮುಖದಿಂದ ಎಳೆದು ತೆಗೆದು, ಅವನು ತನ್ನನ್ನೇ ನೋಡುವಂತೆ ಮಾಡಿದಳು. ಆಮೇಲೆ ಯಂತ್ರದ ಸದ್ದನ್ನು ತುತ್ತತುದಿಗೆ ಏರಿಸಿ, ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.