ಜಾಲರಿ ಬಾಗಿಲು ಹಾಕುವವರು

ಲಿಫ್ಟ್ ಮೆಕ್ಯಾನಿಕ್‌ಗೆ ರಜೆಯ ದಿನವೂ ಲಿಫ್ಟಿನದೇ ಧ್ಯಾನ. ಬಿಡುವು ಸಿಕ್ಕರೆ ಸಾಕು, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಕಂಪ್ಯೂಟರಿನಲ್ಲಿ ಆಟ ಕಟ್ಟುವುದು ಅವನ ಹುಚ್ಚು. ಒಬ್ಬ ಪುಟ್ಟ ಮನುಷ್ಯ ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ದಾರಿಯ ಒಗಟು ಬಿಡಿಸುತ್ತ ತಾರಸಿ ಸೇರಬೇಕು. ಎಲ್ಲ ಇನ್ನೂ ಕಚ್ಚಾ ರೂಪದಲ್ಲಿತ್ತು. ಮನುಷ್ಯನೆಂದರೆ ಒಂದು ಚೌಕ, ಅದರ ಮೇಲೊಂದು ಗುಂಡು ತಲೆ. ಹಿಂದೆ ಶುರುಮಾಡಿದ ಆಟಗಳೆಲ್ಲ ಅರ್ಧಕ್ಕೇ ಕೈಕೊಟ್ಟಿದ್ದವು.

ಹೆಂಡತಿ ಟೈಲರ್. ಮನೆಯಲ್ಲಿದ್ದದ್ದು ಅದೊಂದೇ ಮೇಜು, ಅವಳು ನೆಲದ ಮೇಲೆ ಬಟ್ಟೆ ಹಾಸಿ ಬಗ್ಗಿ ಬಗ್ಗಿ ಕತ್ತರಿಸುತ್ತಿದ್ದಳು. ಸೊಂಟ ನೋಯುತ್ತದೆಂದು ಒಂದು ದಿನ ಅಂದಾಗ, ಕೇಳದಿದ್ದರೂ ಮಾತು ಕೊಟ್ಟವನು ಅವನೇ. ಈ ಸಲದ ಆಟವನ್ನು ಅವಳು ಕೊನೆಯವರೆಗೂ ಆಡಿದರೆ ಮೇಜು ತನ್ನದು. ನಡುವೆ ಎದ್ದುಹೋದರೆ ಅವಳದು, ಕಂಪ್ಯೂಟರ್ ಅಟ್ಟಕ್ಕೆ. ಹೇಳುವಾಗ ಭಾರೀ ಧೈರ್ಯವಿತ್ತು. ಭಾನುವಾರ ಮಧ್ಯಾಹ್ನ ಅವಳು ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಬಂದು ಕೂತಾಗ ಅದೆಲ್ಲ ಇಳಿದುಹೋಯಿತು.

ಕೆಳಗಿನ ಮಹಡಿಗಳನ್ನು ಅವಳು ಸಲೀಸಾಗಿ ದಾಟಿದಳು. ಆಮೇಲೆ ಬಂತು ಅವನ ಹೆಮ್ಮೆಯ ಲಿಫ್ಟು. ಹಳೇ ಕಟ್ಟಡಗಳಲ್ಲಿರುವಂಥ ಜಾಲರಿ ಬಾಗಿಲಿನದು. ಮೇಲೆ ಇಳಿದವರು ಬಾಗಿಲು ಎಳೆಯದೆ ಹೋದರೆ, ಕೆಳಗಿನವರು ಗುಂಡಿ ಒತ್ತಿ ಒತ್ತಿ ಬೆರಳು ಸವೆಸಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಅವಳು ಮೇಲೆ ಹೋದಳು, ಬಾಗಿಲು ತೆರೆದೇ ಬಿಟ್ಟಳು, ತಾರಸಿ ಬಾಗಿಲಿನ ಬೀಗದ ಕೈಗಾಗಿ ಕೆಳಗೆ ಹಾರಿದಳು. ಅಲ್ಲಿಗೆ ಮುಗಿಯಿತು, ಮತ್ತೆ ಮೊದಲಿಂದ. ಎರಡನೇ ಸಲವೂ ಅದೇ ಪಾಡು.

ಬಾಗಿಲು ತೆರೆದಿದ್ದರೂ ಲಿಫ್ಟು ಬರುವಂತೆ ಮಾಡುವುದು ಅವನಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಅಂಥ ಲಿಫ್ಟನ್ನು ಆಟದಲ್ಲಿ ಕೂಡ ಓಡಿಸಲು ಅವನಿಗೆ ಮನಸ್ಸು ಬಾರದು. ಕೆಲಸದಲ್ಲಿ ಕಲಿತದ್ದು ಮೈಗೆ ಹತ್ತಿಬಿಟ್ಟಿತ್ತು.

ಮತ್ತೊಮ್ಮೆ ಸಿಕ್ಕಿಬಿದ್ದಾಗ ಅವಳು ಎದ್ದೇಬಿಟ್ಟಳು. ಬೇಜಾರಾಯಿತೇ ಎಂದು ಕೇಳಿದ.

"ಬೇಜಾರಲ್ಲ, ಆ ಪುಟ್ಟ ಮನುಷ್ಯನ್ನ ನೋಡಿ ಪಾಪ ಅನ್ನಿಸ್ತು. ಇಲ್ಲಿ ನಮ್ಮ ಲಿಫ್ಟಿನ ಬಾಗಿಲು ಹಾಕೋಕೆ ಮರೆತ್ರೆ ಕೆಳಗಿಂದ ಕೂಗ್ತೀವಿ, ಯಾರಾದ್ರೂ ಬಂದು ಹಾಕ್ತಾರೆ. ನಿಮ್ಮ ಬಿಲ್ಡಿಂಗಲ್ಲಿ ಅವನನ್ನ ಬಿಟ್ಟು ಒಂದು ನರಪಿಳ್ಳೆನೂ ಇಲ್ವಲ್ಲರೀ."

ಅವನು ಪರದೆಯ ಮೇಲಿನ ಒಂಟಿ ಚೌಕವನ್ನು ನೋಡಿದ. ಇಷ್ಟು ವರ್ಷ ಕಟ್ಟಿದ ಆಟಗಳಲ್ಲೆಲ್ಲ ಇದ್ದದ್ದು ಒಬ್ಬನೇ ಮನುಷ್ಯ. ಕಟ್ಟುವಾಗ ತಾನೂ ಒಬ್ಬನೇ, ಅವಳಿಗೆ ಬೆನ್ನು ತಿರುಗಿಸಿ. ನಾಚಿಕೆಯಾಯಿತು. ಕೊಟ್ಟ ಮಾತಿನಂತೆ ವೈರುಗಳನ್ನು ಬಿಚ್ಚಲು ಮೇಜಿನ ಕೆಳಗೆ ಬಗ್ಗಿದ.

"ಬಿಡಿ, ಕಚ್ಚಾ ಹೊಲಿಗೆ ಹಾಕಿ ನೋಡಿದ್ಮೇಲೆ ಬಿಚ್ಚಿ ಸರಿಮಾಡೋದು ಇದ್ದಿದ್ದೇ. ಬರೋ ಭಾನುವಾರ ಇನ್ನೊಂದ್ಸಲ ತೋರಿಸಿ" ಎಂದು ಅವಳು ನೆಲದ ಮೇಲಿನ ಬಟ್ಟೆಗೆ ಮರಳಿದಳು.

ಮುಂದಿನ ಭಾನುವಾರ ಮೇಜಿನ ಮುಂದೆ ಎರಡು ಕುರ್ಚಿಗಳಿದ್ದವು. ಪರದೆಯಲ್ಲೂ ಇಬ್ಬರು. ಕೆಳಗೆ ಹಳೆಯ ಚೌಕ. ಮೇಲಿನ ಮಹಡಿಯಲ್ಲಿ ಇನ್ನೊಂದು, ಅದರ ಕೊರಳಲ್ಲಿ ಹಳದಿ ಗೆರೆ. ಅದೇನು ಟೇಪೇ ಎಂದು ಕೇಳಿದ್ದಕ್ಕೆ ಅವನು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದ. ತನ್ನ ಕತ್ತು ಇಷ್ಟು ದಪ್ಪವೇನಿಲ್ಲ ಎಂದು ಗೊಣಗಿ ಅವಳು ಕೂತಳು.

ಲಿಫ್ಟು ಮೇಲೆ ನಿಂತಿತು, ಬಾಗಿಲು ತೆರೆದೇ ಇತ್ತು. ಅವನು ಕೆಳಗಿಂದ ಗುಂಡಿ ಒತ್ತಿದ. ಅವಳ ಚೌಕ ಮಿಸುಕಲಿಲ್ಲ. ಯಾವ ಕೀಲಿ ಒತ್ತಬೇಕೆಂದು ತಿಳಿಯಲಿಲ್ಲವೇನೋ ಎಂದು ತೋರಿಸಹೋದ.

"ಗೊತ್ತು. ಕೂಗಿ, ಹಾಕ್ತೀನಿ."

ಪಕ್ಕದಲ್ಲೇ ಕೂತವಳನ್ನು ಕೂಗುವುದು ಹೇಗೆ? ಆದರೂ ಗಂಟಲು ಸರಿಮಾಡಿಕೊಂಡು ಕೂಗಿದ. "ಮೇಲೆ ಯಾರಿದೀರಿ? ಸ್ವಲ್ಪ ಬಾಗಿಲು ಹಾಕ್ತೀರಾ?"

ಬಾಗಿಲು ಮುಚ್ಚಿತು, ಲಿಫ್ಟು ಇಳಿಯಿತು. ಅವಳು ನಗುತ್ತಲೇ ಇದ್ದಳು. ಇಬ್ಬರೂ ತಾರಸಿ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು.

"ಮುಂದೆ ಇಲ್ವಾ?" ಎಂದಳು. ಆಮೇಲೆ ನೆನಪಾಗಿ, "ಹಾಗಾದ್ರೆ ಮೇಜು ನಿಮ್ಮದೇ ಆಯ್ತು" ಎಂದು ಸೊಂಟ ಹಿಡಿದುಕೊಂಡು ಎದ್ದಳು.

ಅವನು ಕಂಪ್ಯೂಟರನ್ನು ಮೇಜಿನ ಮೂಲೆಗೆ ತಳ್ಳಿ, ಉಳಿದ ಜಾಗವನ್ನು ಒರೆಸಿ, ಬಟ್ಟೆ ತಾ ಎಂದ. ಅವಳು ಬಟ್ಟೆ ತಂದು ಹಾಸಿದಳು. ಎರಡನೇ ಕುರ್ಚಿಯನ್ನು ಮಾತ್ರ ಇಬ್ಬರೂ ಎತ್ತಿಡಲಿಲ್ಲ.